ತಂಗಿಗೆ ಹಾಕಿಕೊಟ್ಟ ನೆಲ

ನನ್ನ ತಂಗಿ ಬಿದ್ದದ್ದು ಅವಳ ತಪ್ಪಿನಿಂದಲ್ಲ ಎಂಬ ಒಂದು ಮಾತನ್ನು ನಾನು ಅವಳಿಗೆ ಹೇಳಲಿಲ್ಲ. ಹೇಳಬೇಕಾದ ದಿನ ಹೇಳಲಿಲ್ಲ. ಆಮೇಲೆ ಮಳೆಗಾಲ ಬಂತು, ಸುಗ್ಗಿ ಬಂತು, ಮತ್ತೆ ಬೇಸಿಗೆ ಬಂತು, ಆಗಲೂ ಹೇಳಲಿಲ್ಲ. ಅವಳು ಬ್ಯಾಸ್ಕೆಟ್‌ಬಾಲ್ ಆಡಿ ಬದುಕುವವಳು. ನಾನು ಗಾರೆ ಕೆಲಸದವನು. ಅವಳು ಬಿದ್ದ ನೆಲ ನಾನು ಹಾಕಿದ್ದು. ಏಳನೆಯ ತರಗತಿಗೇ ಶಾಲೆ ಬಿಟ್ಟವನಿಗೆ ಚೆಂದ ಮಾಡಿ ಬರೆಯಲು ಬರುವುದಿಲ್ಲ. ಕೆಲಸ ಹೇಗೆ ನಡೆಯಿತೋ ಅದೇ ಸಾಲಿನಲ್ಲಿ ಹೇಳಿಕೊಂಡು ಹೋಗುತ್ತೇನೆ.

ಆಲ್ದೂರಿನಿಂದ ಮೇಲಕ್ಕೆ ಹೋದರೆ ಸಿಗುವ ಒಂದು ಕಾಫಿ ತೋಟದ ಕೂಲಿಯವರ ಲೈನು ಮನೆಯಲ್ಲಿ ನಾವು ಬೆಳೆದೆವು. ಅಪ್ಪ ಕಣ ಕಾಯುತ್ತಿದ್ದ. ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ತಂದ ಪಾರ್ಚ್‌ಮೆಂಟ್ ಕಾಫಿಯನ್ನು ಸಿಮೆಂಟಿನ ಕಣದಲ್ಲಿ ಹರವಿ ಒಣಗಿಸುವಾಗ ಆಗಾಗ ಅದನ್ನು ತಿರುವಿ ಹಾಕುತ್ತಿರಬೇಕು. ದೊಡ್ಡವರು ಅದಕ್ಕೆ ಹಿಡಿಯಿರುವ ಮರದ ಹಲಗೆ ಎಳೆಯುತ್ತಿದ್ದರು. ಶಾಲೆಯಿಂದ ಬಂದ ನನಗೂ ತಂಗಿಗೂ ಕಾಲೇ ಹಲಗೆ. ಬರಿಗಾಲನ್ನು ನೆಲದಿಂದ ಎತ್ತದೆ ಬೀಜದೊಳಗೆ ಜಾರಿಸಿಕೊಂಡು ನಡೆದರೆ ಹಿಂದೆ ಉದ್ದಕ್ಕೂ ಬೀಜದ ಏರಿ, ಬದುವಿನ ಹಾಗೆ, ಏಳುತ್ತದೆ. ಕಣದ ಅಂಚಿಗೆ ಬಂದಾಗ ಒಂದು ಬೀಜವೂ ನಲುಗದ ಹಾಗೆ ಮುಂಗಾಲಿನ ಮೇಲೆ ತಿರುಗಬೇಕು. ನನ್ನ ಏರಿ ಸೊಟ್ಟಗೆ ಹೋಗುತ್ತಿತ್ತು. ಅವಳದು ನೂಲು ಹಿಡಿದ ಹಾಗೆ. ಅಪ್ಪ ಗೇಟಿನ ಹತ್ತಿರ ಕೂತು ಬೀಡಿ ಹಚ್ಚಿಕೊಂಡು, "ನೋಡಾ, ಅವಳ ಕಾಲು ನೋಡಿ ಕಲಿ. ನಿಂದು ಎಮ್ಮೆ ನಡೆದಂಗೆ ಇದೆ," ಎನ್ನುತ್ತಿದ್ದ.

ಅವಳ ಕಾಲಿನ ವಿದ್ಯೆ ಅಲ್ಲಿ ಶುರುವಾಯಿತು ಎಂದು ನನಗೆ ಈಗಲೂ ಅನಿಸುತ್ತದೆ. ಕೋಚುಗಳು ಏನೇ ಹೇಳಲಿ.

ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ಅದು ನಮ್ಮದು. ಒಡೆದ ಪೀಪಾಯಿಯ ಕಬ್ಬಿಣದ ಬಳೆಯನ್ನು ಅಪ್ಪ ಕಣದ ಪಕ್ಕದ ಸಿಲ್ವರ್ ಓಕ್ ಮರಕ್ಕೆ ಕಟ್ಟಿಕೊಟ್ಟಿದ್ದ. ಶಾಲೆಯ ಆಟದ ಮೇಷ್ಟ್ರು ಕೊಟ್ಟ, ಅರ್ಧ ಗಾಳಿ ಉಳಿಯುವ ಒಂದು ಚೆಂಡು. ನಾನು ಎಸೆದು ಕೊಡುವವನು, ಅವಳು ಹಾಕುವವಳು. ಬೆಚ್ಚಗಿನ ನೆಲ, ಕಾಫಿ ಹೂವಿನ ವಾಸನೆ, ಮರದಲ್ಲಿ ಠಣ್ಣೆನ್ನುವ ಬಳೆ. ಕತ್ತಲಾಗುವವರೆಗೆ ಅವ್ವ ಕರೆಯುತ್ತಲೇ ಇರುತ್ತಿದ್ದಳು, ನಾವು "ಇದೊಂದು, ಇದೊಂದು" ಎನ್ನುತ್ತಲೇ ಇರುತ್ತಿದ್ದೆವು. ಆ ಬೇಸಿಗೆಗಳಷ್ಟು ಉದ್ದದ ಸಂಜೆ ಆಮೇಲೆ ನನಗೆ ಸಿಗಲಿಲ್ಲ.

ನಾನು ಗಾರೆ ಮೇಸ್ತ್ರಿಯೊಬ್ಬರ ಹಿಂದೆ ಹೋದೆ. ಅವಳು ಕ್ರೀಡಾ ಹಾಸ್ಟೆಲಿಗೆ ಹೋದಳು, ಅಲ್ಲಿಂದ ಒಂದು ಇಲಾಖೆಯ ತಂಡಕ್ಕೆ. ಅವಳು ಗಿಡ್ಡ. ಆ ಆಟದಲ್ಲಿ ಗಿಡ್ಡಗಿರುವುದು ಸಣ್ಣ ಕಷ್ಟವಲ್ಲ. ರಜೆಗೆ ಬಂದಾಗ ಫೋನಿನಲ್ಲಿ ಒಬ್ಬ ಆಟಗಾರನ ವಿಡಿಯೊ ತೋರಿಸುತ್ತಿದ್ದಳು. ಅಮೆರಿಕದಲ್ಲಿ ಹುಟ್ಟಿದವನು, ತಾಯಿಯ ಕಡೆಯಿಂದ ಫಿಲಿಪ್ಪೀನ್ಸಿನವನು. ಅವನ ಕಥೆಯನ್ನು ನಮ್ಮ ಸೋದರಮಾವನ ಕಥೆಯೆಂಬಂತೆ ಹೇಳುತ್ತಿದ್ದಳು. ಅಮೆರಿಕದ ದೊಡ್ಡ ತಂಡಗಳು ಎತ್ತರ ಸಾಲದು ಎಂದು ಅವನನ್ನು ಬಾಗಿಲಿನಿಂದಲೇ ಕಳಿಸಿದವಂತೆ. ಸಣ್ಣ ಊರುಗಳ ಸಣ್ಣ ತಂಡಗಳಲ್ಲಿ ಬಸ್ಸಿನಲ್ಲಿ ಮಲಗಿ, ಬಸ್ಸಿನಲ್ಲಿ ಎದ್ದು ಆಡಿದನಂತೆ. ಕೊನೆಗೆ ತಾಯಿಯ ದೇಶಕ್ಕೆ ಹೋದ. ಅಲ್ಲಿ ಅವನಿಗೆ ಭಾಷೆ ಬರದೆ ಮೊದಮೊದಲು ಜನ ನಕ್ಕರಂತೆ, ಆಮೇಲೆ ಅವರೇ ಹೆಗಲ ಮೇಲೆ ಹೊತ್ತು ಮೆರೆಸಿದರಂತೆ. 

ಅವ್ವನೂ ಬಗ್ಗಿ ಫೋನು ನೋಡುತ್ತಿದ್ದಳು. "ಮುಖ ನಮ್ ಕಳಸದ ಕಡೆಯೋರ ಥರಾನೇ ಉಂಟಲ್ಲ. ಮದ್ವೆ ಆಗಿದ್ಯಂತಾ?"

"ಮಕ್ಕಳೂ ಇದಾವೆ ಅವ್ವ. ನೀನು ಸಾರು ಇಳಿಸು ಮೊದ್ಲು, ಸೀದ್ ವಾಸ್ನೆ ಬರ್ತಿದೆ."

ಅವನಿಂದ ತಂಗಿ ಕಲಿತದ್ದು ಒಂದು ಹೆಜ್ಜೆ. ಪೂರ್ತಿ ಓಟದಲ್ಲಿ ಬಂದು, ಎತ್ತರದವರು ಅಡ್ಡ ಬರುವ ಮೊದಲೇ ಒಂದು ಕಾಲಿನ ಮೇಲೆ ಗಕ್ಕನೆ ನಿಂತು, ಚೆಂಡನ್ನು ಅವರ ಕೈಗೆ ಎಟುಕದ ಹಾಗೆ ಮೇಲಕ್ಕೆ ತೇಲಿಸಿಬಿಡುವುದು. ಹೂವು ಎಸೆದ ಹಾಗೆ ಹೋಗಿ ಬಳೆಯೊಳಗೆ ಬೀಳುತ್ತಿತ್ತು. "ನನ್ ಅನ್ನ ಇರೋದು ಈ ಒಂದ್ ಹೆಜ್ಜೇಲಿ ಅಣ್ಣ," ಎಂದಿದ್ದಳು. ಆ ಹೆಜ್ಜೆಯನ್ನು ನೋಡಿಯೇ ಹೊರದೇಶದ ಒಂದು ಕ್ಲಬ್ಬು ಅವಳನ್ನು ಒಂದು ಸೀಸನ್ನಿಗೆ ಆಡಲು ಕರೆಯಿತು.

ಹೋಗುವ ಮೊದಲು ಅವಳಿಗೆ ಒಂದು ಆಸೆಯಿತ್ತು. ಲೈನಿನ ಮಕ್ಕಳಿಗೆ ಒಂದು ಸರಿಯಾದ ಅಂಕಣ ಬೇಕು. ತೋಟದ ಸಾಹುಕಾರ್ರು ಹಳೆಯ ಲೈನು ಬಿದ್ದುಹೋದ ಜಾಗ ಬಿಟ್ಟುಕೊಟ್ಟರು. ಕೆಲಸ ನನ್ನದು. ಅವಳು ತಂಡದ ತರಬೇತಿ ಶಿಬಿರದಿಂದ ಫೋನು ಮಾಡಿ ಒಂದೇ ಒಂದು ವಿಷಯವನ್ನು ಒತ್ತಿ ಹೇಳಿದಳು.

"ಅಣ್ಣಾ, ಕಣದ ಥರ ನುಣ್ಣಗೆ ತೀಡ್ಬೇಡ. ಸಿಮೆಂಟು ಹಸಿ ಇರೋವಾಗ್ಲೇ ಪೊರಕೆ ಎಳೆದ್ಬಿಡು. ಒರಟಾಗಿರ್ಬೇಕು."

"ಆಯ್ತು ಮಾರಾಯ್ತಿ, ಎಷ್ಟ್ ಸಲ ಹೇಳ್ತೀಯ," ಎಂದೆ.

ನೆಲದ ಕೆಳಗಿನ ಕೆಲಸವನ್ನು ಇವತ್ತಿಗೂ ಯಾರು ಬೇಕಾದರೂ ಅಗೆದು ನೋಡಬಹುದು. ಸಡಿಲ ಮಣ್ಣು ತೆಗೆಸಿ, ಕಲ್ಲು ಜೋಡಿಸಿ, ದಿಮ್ಮಸು ಹೊಡೆಸಿ ಕೂರಿಸಿದೆ. ಮಳೆ ನೀರು ಒಂದೇ ಕಡೆಗೆ ಹರಿದು ಹೋಗುವಂತೆ ಕಣ್ಣಿಗೆ ಕಾಣದಷ್ಟು ವಾಟ ಕೊಟ್ಟೆ. ಬಿಸಿಲಿಗೆ ಬಿರಿಯದಿರಲೆಂದು ನೆಲವನ್ನು ಚೌಕ ಚೌಕವಾಗಿ ಭಾಗ ಮಾಡಿ, ಒಂದು ಬಿಟ್ಟು ಒಂದರಂತೆ ಕಾಂಕ್ರೀಟು ಹಾಕಿದೆ. ಮೊದಲ ಚೌಕದ ಮೇಲಿನ ನೀರು ಇಂಗಿದ ಕೂಡಲೇ ನನ್ನ ಜೊತೆಗಾರ ಪೊರಕೆ ಎಳೆದ. ತಂಗಿ ಹೇಳಿದ್ದು ಅದನ್ನೇ.

ನಾನು ದೂರ ನಿಂತು ನೋಡಿದೆ. ಕೋಳಿ ಕೆದರಿದ ಹಾಗೆ ಕಂಡಿತು.

ಕಣದ ಗಾರೆಯವನನ್ನು ಜನ ಅಳೆಯುವುದು ಅಂಗೈಯಿಂದ. ನೆಲ ತರಿತರಿಯಾಗಿದ್ದರೆ ಎಳೆಯುವಾಗ ಪಾರ್ಚ್‌ಮೆಂಟಿನ ತೆಳು ಸಿಪ್ಪೆ ಒಡೆಯುತ್ತದೆ, ಬೀಜ ಸಿಕ್ಕಿಕೊಳ್ಳುತ್ತದೆ. ಹೊಸ ಕಣ ನೋಡಲು ಬಂದವರು ಯಾರೇ ಆಗಲಿ, ಸಾಹುಕಾರ್ರಿರಲಿ, ತೋಟದ ಲೆಕ್ಕ ಬರೆಯುವ ರೈಟರಿರಲಿ, ಮೊದಲು ಕೂತು ಅಂಗೈ ಸವರುತ್ತಾರೆ. ಮಲ್ಲಂದೂರಿನವರೆಗೂ ನನ್ನನ್ನು ಕರೆಯುತ್ತಿದ್ದದ್ದು ನನ್ನ ನುಣುಪಿಗೆ. ಊರಿನವರೆಲ್ಲ ಬಂದು ನೋಡುವ, ತಂಗಿಯ ಹೆಸರಿನಲ್ಲಿ ಆಗುತ್ತಿರುವ ಕೆಲಸ ಇದು. ಈ ಕೆದರಿದ ನೆಲ ನನ್ನ ಕೈಯದೆಂದು ಹೇಗೆ ತೋರಿಸಲಿ?

ಒಣ ಸಿಮೆಂಟು ಚಿಮುಕಿಸಿ, ನೀರು ಸಿಡಿಸಿ, ಕರಣೆ ತೆಗೆದುಕೊಂಡು ಮಂಡಿಯೂರಿದೆ.

ಜೊತೆಗಾರ ಕೇಳಿದ, "ತಂಗಿ ಬೇಡ ಅಂದಿದ್ಲಲ್ಲ ಮಾರಾಯ?"

"ಅವಳಿಗೇನ್ ಗೊತ್ತು ಗಾರೆ ಕೆಲಸ. ನೀನು ನೀರು ತಾ."

ಚೌಕದ ಮೇಲೆ ಚೌಕ, ಹಿಂದಕ್ಕೆ ಸರಿಯುತ್ತ ಇಡೀ ನೆಲ ತೀಡಿದೆ. ಕಾಫಿಯ ಹಳೇ ಗೋಣಿಚೀಲ ಹಾಸಿ ನೀರು ಉಣಿಸಿದೆ. ಚೀಲ ಎತ್ತಿದ ದಿನ ನೆಲ ಕನ್ನಡಿಯಂತಿತ್ತು. ಸಾಹುಕಾರ್ರು ಬಂದವರು ಕೂತು ಅಂಗೈ ಸವರಿ, "ಇದ್ರಲ್ಲಿ ಆಟ ಆಡೋದು ಎಂಥಕ್ಕೋ, ನಂಗೇ ಕೊಡು, ಕಾಫಿ ಹರವ್ತೀನಿ," ಎಂದು ನಕ್ಕರು. ನನಗೆ ಇನ್ನೇನು ಬೇಕಿತ್ತು.

ತಂಗಿ ಕ್ಲಬ್ಬಿಗೆ ಹೊರಡುವ ಮೊದಲು ರಜೆಯ ಮೇಲೆ ಬಂದಳು. ನೆಲದ ಮೇಲೆ ನಿಂತು ಶೂ ಉಜ್ಜಿದಳು. "ಭಾಳ ಚೆನ್ನಾಗಿದೆ ಅಣ್ಣ," ಎಂದಳು. ಮತ್ತೊಂದು ಸಲ ಉಜ್ಜಿ ನೋಡಿ, "ನುಣುಪು ಜಾಸ್ತಿ ಆಯ್ತಾ ಅಂತ," ಎಂದಳು.

"ಆಡ್ತಾ ಆಡ್ತಾ ಸರಿಯಾಗುತ್ತೆ," ಎಂದೆ. ಸಿಮೆಂಟು ತೀಡಿದ ನೆಲ ಆಡುತ್ತ ಆಡುತ್ತ ಇನ್ನಷ್ಟು ನುಣುಪಾಗುತ್ತದೆಂದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. ಅಣ್ಣ ಹೇಳಿದನೆಂದು ನಂಬಿದಳು.

ಮರುದಿನ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಸಿಲ್ವರ್ ಮರಗಳಿಂದ ಹನಿ ಉದುರುತ್ತಿತ್ತು. ಅವಳು ಗೋಣಿಚೀಲದಿಂದ ನೆಲ ಒರೆಸಿ ಇಳಿದಳು. ನಾನು ಅಂಕಣದ ಪಕ್ಕದ ಕಟ್ಟೆಯ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದೆ. ಮೊದಲು ನಿಧಾನ, ಆಮೇಲೆ ಬಿರುಸು. ಆ ಹೆಜ್ಜೆ ಇಟ್ಟಳು. ಕಾಲು ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ. ದೇಹ ಒಂದು ಕಡೆ, ಮಂಡಿ ಒಂದು ಕಡೆ ಹೋಯಿತು. ಒಣ ಕೊಂಬೆ ಮುರಿದ ಹಾಗೆ ಸಣ್ಣ ಸದ್ದು ಬಂತು. ಚೆಂಡು ಮಾತ್ರ ಹೋಗಿ ಬಳೆಯೊಳಗೆ ಬಿತ್ತು.

ಚಿಕ್ಕಮಗಳೂರಿಗೆ ಹೋಗುವ ಜೀಪಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. "ತಪ್ಪು ನಂದೇ ಅಣ್ಣ. ಹೆಜ್ಜೆ ಎಲ್ಲೋ ತಪ್ಪಿಟ್ಟೆ," ಎಂದಳು.

ನಾನು "ಹೂಂ" ಎಂದೆ.

ಅದೊಂದು ಹೂಂ. ಬೇರೆ ಯಾವ ಸುಳ್ಳನ್ನೂ ನಾನು ಇಷ್ಟು ಸುಲಭವಾಗಿ ಹೇಳಿಲ್ಲ.

ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ನಾರು ಹರಿದಿತ್ತು. ಆಪರೇಷನ್ ಆಯಿತು. ಕ್ಲಬ್ಬಿನವರು ಬೇರೆಯವರನ್ನು ಕರೆದುಕೊಂಡರು. ವರ್ಷ ಕಳೆದ ಮೇಲೆ ಡಾಕ್ಟರು ಮಂಡಿ ಸರಿಯಾಗಿದೆ, ಆಡಬಹುದು ಎಂದರು. ಅವಳು ಇಲಾಖೆಯ ತಂಡಕ್ಕೆ ಮರಳಿದಳು. ಓಡುತ್ತಾಳೆ, ಚೆಂಡು ಕೊಡುತ್ತಾಳೆ, ಆದರೆ ಆ ಹೆಜ್ಜೆ ಮಾತ್ರ ಇಡುವುದಿಲ್ಲ. ಆ ಜಾಗಕ್ಕೆ ಬಂದ ಕೂಡಲೇ ಚೆಂಡನ್ನು ಬೇರೆಯವರಿಗೆ ಕೊಟ್ಟುಬಿಡುತ್ತಾಳೆ. ಕೋಚು ಅವಳನ್ನು ಬೆಂಚಿನಲ್ಲಿ ಕೂರಿಸತೊಡಗಿದರು. "ಮಂಡಿ ನೋವಲ್ಲ ಅವ್ವ, ನನ್ ಕಾಲ್ ಮೇಲೆ ನಂಗೇ ನಂಬಿಕೆ ಇಲ್ಲ. ಈ ವರ್ಷ ನೋಡಿ ಬಿಟ್ಬಿಡ್ತೀನಿ," ಎಂದು ಫೋನಿನಲ್ಲಿ ಹೇಳುವುದು ಒಲೆಯ ಪಕ್ಕ ಕೂತ ನನಗೂ ಕೇಳಿಸಿತು. ಬೇಸಿಗೆ ರಜೆಗೆ ಬಂದು ಲೈನಿನ ಮಕ್ಕಳಿಗೆ ಆ ನೆಲದ ಮೇಲೆ ಆಟ ಹೇಳಿಕೊಡುತ್ತಾಳೆಂದೂ ಕೇಳಿಸಿತು.

ಆ ನೆಲದ ಮೇಲೆ, ಮಕ್ಕಳಿಗೆ.

ಮರುದಿನ ಬೆಳಿಗ್ಗೆ ಹೋಗಿ ನೆಲದ ಮೇಲೆ ಒಂದು ಚೊಂಬು ನೀರು ಚೆಲ್ಲಿ ನಡೆದು ನೋಡಿದೆ. ನನ್ನಂಥ ನಿಧಾನದವನೇ ಕೈ ಊರಬೇಕಾಯಿತು. ಇಷ್ಟು ದಿನ ನಾನು ಆ ಕಡೆ ಹೋಗುವುದನ್ನೇ ಬಿಟ್ಟಿದ್ದೆ. ಅವಳು ಬರುವುದರೊಳಗೆ ನೆಲ ಸರಿ ಮಾಡುವುದೆಂದು ತೀರ್ಮಾನಿಸಿದೆ. ಬೇರೆ ಕೆಲಸಗಳನ್ನೆಲ್ಲ ಮುಂದಕ್ಕೆ ಹಾಕಿದೆ.

ಮೊದಲು ಸುಲಭದ ದಾರಿ ಹಿಡಿದೆ. ಆ್ಯಸಿಡ್ ಬೆರೆಸಿದ ನೀರು ಹಾಕಿ ತಂತಿ ಬ್ರಷ್ಷಿನಲ್ಲಿ ಉಜ್ಜಿದೆ. ಅಲ್ಲಲ್ಲಿ ಮಚ್ಚೆ ಬಿದ್ದಿತೇ ಹೊರತು ನೆಲ ಒರಟಾಗಲಿಲ್ಲ. ಅಷ್ಟು ಗಟ್ಟಿಯಾಗಿ ತೀಡಿದ್ದೆ. ಆಮೇಲೆ ಉಳಿ, ಸುತ್ತಿಗೆ ಹಿಡಿದು ಒಂದು ಚೌಕದಲ್ಲಿ ಗೇಣಿಗೊಂದರಂತೆ ಕಚ್ಚು ಹೊಡೆದು, ಅದರ ಮೇಲೆ ಹೊಸ ಕಾಂಕ್ರೀಟಿನ ಪದರ ಹಾಕಿ ಪೊರಕೆ ಎಳೆದೆ. ನೋಡಲು ಸರಿಯಾಗಿತ್ತು. ನೀರು ಉಣಿಸಿ, ಗಟ್ಟಿಯಾದ ಮೇಲೆ ಸುತ್ತಿಗೆಯ ಹಿಡಿಯಿಂದ ತಟ್ಟಿದೆ. ಡಬಡಬ ಎಂದಿತು. ಹೊಸದು ಹಳೆಯದನ್ನು ಹಿಡಿದುಕೊಂಡಿರಲಿಲ್ಲ. ಕಚ್ಚುಗಳ ನಡುವೆ ಉಳಿದ ನುಣುಪಿನ ಮೇಲೆ ಸುಮ್ಮನೆ ಕೂತಿತ್ತು. ಹಾರೆ ಕೊಟ್ಟರೆ ಹಪ್ಪಳದಂತೆ ಎದ್ದು ಬಂತು.

ಜೊತೆಗಾರ ಬೀಡಿ ಆರಿಸಿ ಎದ್ದ. "ಪೂರ್ತಿ ಸುಲೀಬೇಕು ಮಾರಾಯ. ಒಂಚೂರೂ ಬಿಡೋ ಹಾಗಿಲ್ಲ." ಆಮೇಲೆ ನನ್ನ ಮುಖ ನೋಡದೆ ಹೇಳಿದ, "ಅವತ್ತೇ ಹೇಳಿದ್ದೆ ನಿಂಗೆ."

"ಹೌದು, ನೀನು ಹೇಳಿದ್ದೆ," ಎಂದೆ.

ಅವನು ಉಳಿ ಎತ್ತಿಕೊಂಡ.

ನಾನು ತೀಡಿದ್ದನ್ನೆಲ್ಲ ನಾನೇ ಸುಲಿದೆ. ಚಿಕ್ಕಮಗಳೂರಿನಿಂದ ಬಾಡಿಗೆಗೆ ತಂದ ಒಡೆಯುವ ಮೆಷಿನ್ನು ನಡುವಿನ ಭಾಗಕ್ಕೆ ಸರಿಯಾಯಿತು. ಅಂಚುಗಳಿಗೆ ಅದನ್ನು ಬಿಟ್ಟರೆ ಚೌಕವೇ ಮುರಿಯುತ್ತದೆ, ಅಲ್ಲಿ ಕೈಯೇ ಬೇಕು. ಕೂತು ಕೂತು ಮಂಡಿ ಊದಿಕೊಂಡಿತು. ಒಂದೊಂದು ಕಡೆ ನನ್ನ ಕರಣೆ ತಿರುಗಿದ ಅರ್ಧಚಂದ್ರದ ಗುರುತು ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಮೇಲೇ ಉಳಿ ಇಡಬೇಕು. ಹೊಡೆಯುವಾಗ ಎಷ್ಟೋ ಸಲ ಹಳೆಯ ಕಣದ ನೆನಪಾಗುತ್ತಿತ್ತು. ಅದೂ ನುಣುಪೇ. ಆದರೆ ಅಲ್ಲಿ ನಾವು ಬರಿಗಾಲಿನಲ್ಲಿ ಆಡುತ್ತಿದ್ದೆವು, ಬೇಸಿಗೆಯ ಒಣ ನೆಲದ ಮೇಲೆ ಆಡುತ್ತಿದ್ದೆವು, ಅವಳು ಆಗ ಅಷ್ಟು ವೇಗವಾಗಿ ಓಡುತ್ತಲೂ ಇರಲಿಲ್ಲ. ಅವಳು ಬೆಳೆದಿದ್ದಳು, ಆಟ ಬೆಳೆದಿತ್ತು. ನಾನು ಮಾತ್ರ ಅದೇ ಹಳೆಯ ಕಣವನ್ನು ಮತ್ತೆ ಹಾಕಿಕೊಟ್ಟಿದ್ದೆ.

ಸಾಹುಕಾರ್ರು ಜೀಪು ನಿಲ್ಲಿಸಿ ಇಳಿದರು. "ಎಂತದೋ ಇದು? ಒಳ್ಳೇ ನೆಲ ಕೀಳ್ತಾ ಇದ್ದೀಯಲ್ಲ, ತಲೆ ಸರಿ ಇದ್ಯಾ?"

"ಬಿರುಕು ಬಿಟ್ಟಿದೆ ಸಾಹುಕಾರ್ರೆ," ಎಂದೆ. ಎಲ್ಲೂ ಬಿರುಕಿರಲಿಲ್ಲ. ಅವರು ಸುತ್ತ ನೋಡಿ, ನನ್ನನ್ನು ನೋಡಿ, "ಹೂಂ, ನಿಂಗ್ ಗೊತ್ತಿರುತ್ತೆ," ಎಂದು ಹೊರಟರು. ಅವ್ವನಿಗೂ ಅದನ್ನೇ ಹೇಳಿದೆ.

ಸುಲಿದ ಮೇಲೆ ದೂಳು ಹೋಗುವವರೆಗೆ ತೊಳೆದೆವು. ಸಿಮೆಂಟಿನ ಗಂಜಿ ಬಳಿದು, ಅದು ಒಣಗುವ ಮೊದಲೇ ಹೊಸ ಪದರ ಹಾಕುತ್ತ ಬಂದೆವು. ನಡುವೆ ಒಂದು ಮಧ್ಯಾಹ್ನ ಬಾಬಾಬುಡನ್‌ಗಿರಿಯ ಕಡೆಯಿಂದ ಆಕಾಶ ಕಪ್ಪಾಯಿತು. ತೋಟದವರೆಲ್ಲ ಕಾಫಿ ಹೂ ಅರಳಿಸುವ ಹೂಮಳೆ ಬರಲಿ ಎಂದು ಕಾಯುತ್ತಿದ್ದ ದಿನಗಳು ಅವು. ಬರಬಾರದೆಂದು ಬೇಡಿಕೊಂಡವನು ನಾನೊಬ್ಬನೇ ಇರಬೇಕು. ಬಂತು. ಕಾಫಿ ಮುಚ್ಚುವ ಟಾರ್ಪಾಲುಗಳನ್ನು ಕಣದಿಂದ ಹೊತ್ತು ತಂದು ಹೊದಿಸುವಷ್ಟರಲ್ಲಿ ಎರಡು ಚೌಕಗಳ ಮುಖ ಹನಿ ಬಿದ್ದು ಕೆಟ್ಟುಹೋಗಿತ್ತು. ಹಾಗೇ ಬಿಟ್ಟರೆ ಒರಟೇನೋ ಆಗುತ್ತಿತ್ತು, ಆದರೆ ಬೇಗ ಪುಡಿಯೇಳುತ್ತಿತ್ತು. ಎರಡನ್ನೂ ಕೆರೆದು ತೆಗೆದು ಮತ್ತೆ ಹಾಕಿದೆವು.

ಪೊರಕೆ ಎಳೆಯುವುದನ್ನು ಮಾತ್ರ ನಾನು ಯಾರಿಗೂ ಕೊಡಲಿಲ್ಲ. ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಸಿಮೆಂಟು ಅಂಟಬಾರದು. ಆಗ ಎಳೆಯಬೇಕು. ಮೊದಲೇ ಎಳೆದರೆ ಕಾಲುವೆ ಬೀಳುತ್ತದೆ, ತಡವಾದರೆ ಪೊರಕೆ ಬರೀ ಸವರಿಕೊಂಡು ಹೋಗುತ್ತದೆ. ಗೆರೆ ಆಟದ ಓಟಕ್ಕೆ ಅಡ್ಡಲಾಗಿ ಬರಬೇಕು. ಒಂದೇ ಉಸಿರಿನಲ್ಲಿ ಈ ಅಂಚಿನಿಂದ ಆ ಅಂಚಿಗೆ. ಮುಗಿದಾಗ ನೋಡಿದರೆ ಅದೇ, ಕೋಳಿ ಕೆದರಿದ ನೆಲ. ನೀರು ಚೆಲ್ಲಿ ಓಡಿ ನೋಡಿದೆ. ಕಾಲು ಎಲ್ಲಿ ಇಟ್ಟೆನೋ ಅಲ್ಲೇ ನಿಂತಿತು.

ತಂಗಿ ಬಂದ ಮರುದಿನ ಬೆಳಿಗ್ಗೆ ಇಬ್ಬರೂ ಅಲ್ಲಿಗೆ ಹೋದೆವು. ಅವಳು ಶೂ ಉಜ್ಜಿದಳು, ಬಗ್ಗಿ ಗೆರೆ ಮುಟ್ಟಿದಳು.

"ಪೊರಕೆ ಎಳೆದಿದ್ದೀಯ."

"ಹೂಂ."

"ಬಿರುಕು ಬಿಟ್ಟಿತ್ತಂತೆ, ಅವ್ವ ಹೇಳಿದ್ಲು. ಎಲ್ಲಿ?"

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನಾನು ಕೈ ತೋರಿಸಿ, "ಆ ಮೂಲೇಲಿ," ಎಂದೆ. ಅಷ್ಟು ಸುಲಿದ ಮೇಲೂ ಬಾಯಿಗೆ ಬಂದದ್ದು ಅದೇ.

ಅಷ್ಟರಲ್ಲಿ ಲೈನಿನ ಮಕ್ಕಳು ಬಂದರು. ಜೊತೆಗಾರ ಉಳಿದ ಜಲ್ಲಿ ಹೊರುತ್ತಿದ್ದವನು ಬುಟ್ಟಿ ಇಳಿಸಿ ನಿಂತ. ತಂಗಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಪ್ಯಾಂಟು ಮಡಿಚಿ ಮಂಡಿಯ ಹೊಲಿಗೆಯ ಗುರುತು ತೋರಿಸಿದಳು. ಮಕ್ಕಳು ಮುಟ್ಟಿ ನೋಡಿದರು.

"ಇದು ಹೆಂಗಾಯ್ತು ಗೊತ್ತಾ? ನಂಗೊಂದು ಹೆಜ್ಜೆ ಬರುತ್ತೆ ಅಂತ ಜಂಭ ಇತ್ತು. ಬರೋದೇ ಇಲ್ಲ ನಂಗೆ. ಇದೇ ಜಾಗದಲ್ಲಿ ತಪ್ಪಿಟ್ಟೆ. ಅದಕ್ಕೇ ನಿಮ್ಗೆ ಆ ಹೆಜ್ಜೆ ಹೇಳ್ಕೊಡಲ್ಲ. ಬೇರೆ ಎಲ್ಲಾ ಹೇಳ್ಕೊಡ್ತೀನಿ."

ಅವಳು ನಗುತ್ತಲೇ ಹೇಳಿದಳು. ನಾನು ಮಕ್ಕಳ ನಡುವೆ ಹೋಗಿ ನಿಂತೆ.

"ಅದು ಸುಳ್ಳು," ಎಂದೆ. ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಮಕ್ಕಳು ತಿರುಗಿ ನೋಡಿದರು.

"ಎಂತ ಸುಳ್ಳು?" ಎಂದಳು ತಂಗಿ.

"ಬಿರುಕು ಇರ್ಲಿಲ್ಲ. ನೆಲ ನುಣುಪಾಗಿತ್ತು, ಅದಕ್ಕೆ ಕಿತ್ತೆ. ಪೊರಕೆ ಎಳಿ ಅಂತ ನೀನು ಹೇಳಿದ್ದೆ. ಇವನೂ ಹೇಳ್ದ. ನಾನೇ ಕೇಳ್ಲಿಲ್ಲ. ಜನ ಬಂದು ನನ್ ಕೈ ಹೊಗಳ್ಲಿ ಅಂತ ತೀಡ್ದೆ. ಆಡ್ತಾ ಆಡ್ತಾ ಸರಿಯಾಗುತ್ತೆ ಅಂದಿದ್ದೂ ಸುಳ್ಳೇ."

ಅವಳು ಮಡಿಚಿದ ಪ್ಯಾಂಟನ್ನು ಇಳಿಸಲಿಲ್ಲ, ಏಳಲೂ ಇಲ್ಲ. ಜೊತೆಗಾರನನ್ನು ನೋಡಿದಳು. ಅವನು ತಲೆ ತಗ್ಗಿಸಿದ.

"ನಾನು ದಿನಾ ಆಡ್ತೀನಿ ಅಣ್ಣ ಆ ಹೆಜ್ಜೇನ, ತಲೆಯೊಳಗೆ," ಎಂದಳು. ದನಿ ತೀರ ಸಣ್ಣಗಾಗಿತ್ತು. "ಮಲಗಿದ್ರೂ ಆಡ್ತೀನಿ, ಬೆಂಚಲ್ಲಿ ಕೂತ್ರೂ ಆಡ್ತೀನಿ. ಎಲ್ಲಿ ತಪ್ಪಿಟ್ಟೆ, ಎಲ್ಲಿ ತಪ್ಪಿಟ್ಟೆ ಅಂತ. ಸಿಕ್ಕೋದೇ ಇಲ್ಲ. ಜೀಪಲ್ಲಿ ತಪ್ಪು ನಂದೇ ಅಂದಾಗ ನೀನು ಹೂಂ ಅಂದಿದ್ದೆ."

ನಾನು ಅವಳ ಎದುರಿಗೆ ಆ ಒರಟು ನೆಲದ ಮೇಲೆ ಕೂತೆ. ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಸಿಕ್ಕಲ್ಲ ತಂಗಿ, ಯಾಕಂದ್ರೆ ತಪ್ಪು ಅಲ್ಲಿರ್ಲಿಲ್ಲ. ನಾನು ಕಟ್ಟೆ ಮೇಲೆ ಕೂತು ನೋಡ್ತಿದ್ದೆ. ನಿನ್ ಹೆಜ್ಜೆ ಸರಿಯಾಗೇ ಇತ್ತು. ನಾನು ಹಾಕಿದ್ ನೆಲ ತಪ್ಪಾಗಿತ್ತು. ಅವತ್ತು ಜೀಪಲ್ಲಿ ಹೂಂ ಅಂದಿದ್ದು ಅದಕ್ಕಿಂತ ದೊಡ್ಡ ತಪ್ಪು. ಎರಡೂ ನಂದೇ. ತಪ್ಪಾಯ್ತು ತಂಗಿ."